ಡ್ರಿಲ್ ಮಾಸ್ತರ ಹುಸೇನಪ್ಪನ ಅರಬ್ಬಿ ವ್ಯಾಕರಣ

ಮೊಹರಮ್ಮಿನ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗನಿಗೆ ನಾಗವ್ವ ಹುಸೇನಪ್ಪ ಎಂದು ಹೆಸರಿಟ್ಟಳು. ವಿಜಾಪುರದ ಕಡೆ ಓಣಿಗೊಬ್ಬ ಲಿಂಗಾಯತ ಹುಸೇನಪ್ಪ ಸಿಗುತ್ತಾನೆ, ಯಾರೂ ಹುಬ್ಬೇರಿಸುವುದಿಲ್ಲ. ಹುಸೇನಪ್ಪ ಕೆಲಸ ಹುಡುಕಿಕೊಂಡು ಹೋದ ಪುಣೆಯ ಶಿಕ್ಷಣ ಕಚೇರಿಗೆ ಮಾತ್ರ ಇದು ಗೊತ್ತಿರಲಿಲ್ಲ. ೧೯೯೪ರಲ್ಲಿ ಡ್ರಿಲ್ ಮಾಸ್ತರಿಕೆಗೆ ಅರ್ಜಿ ಹಾಕಿದವನನ್ನು ಅದು ಹೆಸರು ನೋಡಿ, ಊರಿನ ಕ್ಯಾಂಪ್ ಬಡಾವಣೆಯ ಒಂದು ಶಾಲೆಗೆ ಅರಬ್ಬಿ ಶಿಕ್ಷಕನನ್ನಾಗಿ ಕಳಿಸಿಬಿಟ್ಟಿತು. ಅದೂ ಹಂಗಾಮಿ.

"ತಪ್ಪಾಗೇದ ಅಂತ ಹೇಳಿ ಬರ್ರಿ," ಎಂದಳು ಹೆಂಡತಿ ಚನ್ನಬಸವ್ವ.

"ಹೇಳಿದ್ರ ಅರಬ್ಬಿನೂ ಹೋಗತದ, ನೌಕರಿನೂ ಹೋಗತದ. ಅರಬ್ಬಿ ಹೋದ್ರ ನನಗೇನೂ ದುಃಖ ಇಲ್ಲ ನೋಡು."

ಹುಸೇನಪ್ಪ ಪುಸ್ತಕ ಕೊಂಡು, ಮಕ್ಕಳಿಗಿಂತ ಒಂದೇ ಪಾಠ ಮುಂದಿರುತ್ತ ಓದತೊಡಗಿದ. ಒಂದು ಕ್ರಿಯಾಪದಕ್ಕೆ ಹದಿನಾಲ್ಕು ರೂಪ ಕಂಡು ಪುಸ್ತಕ ಮುಚ್ಚಿ ಮತ್ತೆ ತೆರೆದ. ಅವನಿಗೆ ಕಲಿಸಲು ಬರುತ್ತಿದ್ದದ್ದು ಒಂದೇ ರೀತಿ, ಡ್ರಿಲ್. 'ಕತಬ' (ಅವನು ಬರೆದ) ಎಂದರೆ ಬಲಗೈ ಮೇಲೆ, 'ಅವಳು ಬರೆದಳು' ಎಂದರೆ ಎಡಗೈ; ಇಬ್ಬರು ಬರೆದರೆ ಕುಪ್ಪಳಿಸು, ಹಲವರು ಬರೆದರೆ ಒಂದು ಸುತ್ತು ತಿರುಗು. ಏಳನೆಯ ತರಗತಿಯವರು "ಕತಬ, ಕತಬಾ, ಕತಬೂ" ಎಂದು ಕುಪ್ಪಳಿಸಿದರೆ ಕೆಳಗಿನ ಕೋಣೆಯ ಗಿಲಾವು ಉದುರುತ್ತಿತ್ತು. ಊರ ಹೊರಗಿನ ಕಾತ್ರಜದ ಘಾಟಿನಲ್ಲಿ ಬಸ್ಸುಗಳು ಭೂಕಂಪವೆಂದು ಬ್ರೇಕು ಹಾಕುತ್ತಿದ್ದವು. ಬೇರೆ ಶಾಲೆಯವರು ವರ್ಷಗಟ್ಟಲೆ ಕಣ್ಣೀರು ಸುರಿಸಿ ಕಲಿತದ್ದನ್ನು ಇವರು ಮೂರೇ ವಾರ ಬೆವರು ಸುರಿಸಿ ಕಲಿತರು.

ನಾಲ್ಕು ವರ್ಷವಾದ ಮೇಲೆ, ಹುಸೇನಪ್ಪನನ್ನು ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ನಿರ್ಧರಿಸಲು ತಪಾಸಣೆ ಬಂತು. ಬಂದವರು ಬೆಳಗಾವಿ ಮೂಲದ ಬಿಂದುಮಾಧವರಾಯರು. ಅವರು ಸಂಸ್ಕೃತದ ಪಂಡಿತರು. ಅರಬ್ಬಿಗೆ ಅರಬ್ಬಿ ಬಲ್ಲವರನ್ನೇ ಕಳಿಸಿದರೆ ಅದೆಂಥ ಕಚೇರಿ?

ರಾಯರು ಒಬ್ಬ ಹುಡುಗಿಗೆ ಕೂತಲ್ಲೇ ಕ್ರಿಯಾಪದ ಹೇಳು ಎಂದರು. ಕೂತಲ್ಲಿ ಅವಳ ಬಾಯಿಂದ ಒಂದಕ್ಷರವೂ ಹೊರಡಲಿಲ್ಲ. ಎದ್ದು ಬಲಗೈ ಎತ್ತಿದಳು. ಅದನ್ನು ಕಂಡು ಇಡೀ ತರಗತಿ ಎದ್ದು ಹದಿನಾಲ್ಕೂ ರೂಪ ಕುಣಿದು ಮುಗಿಸಿತು. ರಾಯರ ಕನ್ನಡಕ ಮೂಗಿನಿಂದ ಜಾರಿ ಹೊಟ್ಟೆಯ ಮೇಲೆ ನಿಂತಿತು.

"ದ್ವಿವಚನ ಸೈತ ಅದ. ಭಾಳ ಮರ್ಯಾದಸ್ಥ ಭಾಷಾ," ಎಂದರು ರಾಯರು. "ಈ ಪದ್ಧತಿ ಎಲ್ಲಿ ಕಲ್ತ್ರಿ ಮಾಸ್ತರ? ಅರಬಸ್ತಾನದಾಗೇನು?"

ಹುಸೇನಪ್ಪ ಡ್ರಿಲ್ಲಿನ ಹಾಗೆ ನೆಟ್ಟಗೆ ನಿಂತ. "ಪರೇಡ್ ಮೈದಾನದಾಗ್ರಿ, ಸಾಹೇಬ್ರ. ನಾ ಡ್ರಿಲ್ ಮಾಸ್ತರ. ನನ್ನ ಹೆಸರು ನೋಡಿ ಕಚೇರ್ಯಾಗ ಅರಬ್ಬಿಗೆ ಹಾಕ್ಯಾರ."

"ನಾಕು ವರ್ಷ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ."

ರಾಯರು ಕಡತ ತೆರೆದು ೧೯೯೪ರ ನೇಮಕದ ಹಾಳೆ ನೋಡಿದರು. ಕೆಳಗಿನ ಸಹಿಯ ಮೇಲೆ ಬೆರಳಿಟ್ಟರು. ಮೆಲ್ಲಗೆ ಕಡತ ಮುಚ್ಚಿದರು.

"ಇದಕ್ಕ ಸಹಿ ಮಾಡಿದಾಂವ ಯಾವಾಂವ ಗೊತ್ತದ ಏನ್ರಿ?"

"ಇಲ್ರಿ."

"ನಾನ ರೀ," ಎಂದು ಪೆನ್ನು ಬಿಚ್ಚಿದ ರಾಯರು, ತಪಾಸಣೆಯ ವರದಿಯಲ್ಲಿ 'ಅರಬ್ಬಿಯಲ್ಲಿ ಅಪಾರ ಪಾಂಡಿತ್ಯ, ಕೂಡಲೇ ಕಾಯಂ ಮಾಡತಕ್ಕದ್ದು' ಎಂದು ಬರೆದರು.