ಅವರೆ ಹೂ ಬಿಡುವ ತನಕ

ಹನಕೆರೆಯ ಯತೀಶನಿಗೆ ಸ್ನೇಹಿತರು ಜಾಸ್ತಿ, ಆ ಸ್ನೇಹಿತರಿಗೆ ಹಸಿವು ಜಾಸ್ತಿ. ರೈಲ್ವೆ ಸ್ಟೇಷನ್ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ದೇಶದ ಕಷ್ಟಗಳನ್ನೆಲ್ಲ ಬಗೆಹರಿಸಿ ದಣಿದ ಮೇಲೆ, "ಬನ್ರಲಾ, ನಮ್ಮನೇಲಿ ನಾಟಿಕೋಳಿ ಸಾರು" ಎಂದು ಅವನು ಇಡೀ ಬೆಂಚನ್ನೇ ಮನೆಗೆ ಕರೆತರುತ್ತಿದ್ದ.

ಕೋಳಿ ಸಾಕಿದವಳು ಅವನ ಹೆಂಡತಿ ರೂಪ. ನುಚ್ಚು ಹಾಕಿದವಳು, ಮುಂಗುಸಿ ಓಡಿಸಿದವಳು, ಸಂಜೆ ಗೂಡಿನ ಬಾಗಿಲು ಹಾಕಿದವಳು ಅವಳು. ಯತೀಶನ ಪಾಲಿನ ಕೆಲಸವೆಂದರೆ ಹಿಡಿದು ಕೊಡುವುದು. ಅದನ್ನೂ ಮಗ ಅಪ್ಪುವಿನ ಕೈಲಿ ಮಾಡಿಸುತ್ತಿದ್ದ. ಮಕ್ಕಳ ತಟ್ಟೆಗೆ ಮೊಟ್ಟೆ ಇಡಬೇಕಿದ್ದ ಹೇಂಟೆಗಳು ಒಂದೊಂದಾಗಿ ಬೆಂಚಿನ ಹಿರಿಯ ಸದಸ್ಯ ಶಿವಣ್ಣನ ಹೊಟ್ಟೆ ಸೇರಿದವು.

ಕೊನೆಗೆ ಉಳಿದದ್ದು ಎರಡು ಹೇಂಟೆ, ಒಂದು ಕೆಂಪು ಹುಂಜ. ಹುಂಜ ಮಗಳು ದೀಪಿಕಳದು. ಮರಿಯಾಗಿದ್ದಾಗ ಹದ್ದು ಎತ್ತಿ ಬೀಳಿಸಿದ್ದನ್ನು ಅವಳು ತನ್ನ ಸ್ಕೂಲ್ ಸ್ವೆಟರಿನಲ್ಲಿ ಸುತ್ತಿ ಬದುಕಿಸಿದ್ದಳು. ಬೆಳಿಗ್ಗೆ ಅವಳ ಹಿಂದೆಯೇ ಬಸ್ ನಿಲ್ಲುವ ಜಾಗದವರೆಗೂ ಗತ್ತಿನಿಂದ ನಡೆದು ಬರುತ್ತಿದ್ದ ಅದಕ್ಕೆ ಅವಳಿಟ್ಟ ಹೆಸರು ಮಾನಿಟರ್.

ಒಂದು ಭಾನುವಾರ ಯತೀಶ ಮಾನಿಟರನ್ನು ಮೇಲಿಂದ ಕೆಳಗೆ ನೋಡಿ, "ತೂಕ ಬಂದದೆ ಕಣಮ್ಮಿ" ಎಂದ.

ರೂಪ ಒಳಗೆ ಹೋಗಿ ಅರಿಶಿನದ ದಾರ ತಂದು ಹುಂಜದ ಕಾಲಿಗೆ ಕಟ್ಟಿದಳು. ಹೇಂಟೆಗಳಿಗೂ ಕಟ್ಟಿದಳು.

"ಮಾರಮ್ಮಂಗೆ ಬುಟ್ಟಿವ್ನಿ. ಅರಕೆ ತೀರೋಗಂಟ ಯಾರೂ ಮುಟ್ಟಂಗಿಲ್ಲ."

ಯಾರ ಮಾತಿಗೂ ಜಗ್ಗದ ಯತೀಶ ಮಾರಮ್ಮನಿಗೆ ಮಾತ್ರ ಹೆದರುತ್ತಿದ್ದ. "ಏನಂತ ಅರಕೆ?"

"ನೀವು ನಿಮ್ ಕೈಯಾರೆ ಇತ್ಲಿಗೆ ನೀರಾಕಿ, ಚಪ್ಪರದವರೆ ಊ ಬುಟ್ರೆ, ಅವತ್ತೇ ಕುಯ್ದು ಎಲ್ರಿಗೂ ಊಟ ಆಕ್ತೀನಿ ಅಂತ."

ಹೇಳಿ ನಿರಾಳವಾಗಿ ಪಾತ್ರೆ ತೊಳೆಯಲು ಹೋದಳು. ಮದುವೆಯಾದಾಗಿನಿಂದ ಈ ಮನುಷ್ಯ ಬಿಂದಿಗೆ ಎತ್ತಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಹಿತ್ತಲಿಗಿರಲಿ, ಕುಡಿಯುವ ನೀರನ್ನೇ ಯಾರಾದರೂ ಕೈಗೆ ತಂದಿಡಬೇಕಿತ್ತು. ಆ ಲೆಕ್ಕದಲ್ಲಿ ಮಾನಿಟರ್ ಮುಪ್ಪಾಗಿಯೇ ಸಾಯುವುದು ಖಂಡಿತವಾಗಿತ್ತು.

ಅವನ ಸೋಮಾರಿತನವನ್ನು ಅಳೆದವಳು ನಾಲಿಗೆ ಚಪಲವನ್ನು ಅಳೆದಿರಲಿಲ್ಲ. ಮಾರನೆಯ ಬೆಳಿಗ್ಗೆ ಯತೀಶ ಬೀದಿಯ ನಲ್ಲಿ ತೊಂಬೆಯಿಂದ ನೀರು ಹೊತ್ತು ಬಂದ. ಅರ್ಧ ಗಿಡಕ್ಕೆ, ಅರ್ಧ ತನ್ನ ಕಾಲಿಗೆ. ಶೂ ಕಟ್ಟುತ್ತಿದ್ದ ಅಪ್ಪು ಕೈ ಬಿಟ್ಟು ನೋಡಿದ.

"ಅಮ್ಮ, ಅಪ್ಪಂಗೆ ಏನಾಯ್ತು?"

"ಹಸಿವು ಕಣ್ಲಾ ಮಗ."

ಬದನೆ ಮಿರುಗಿತು, ಮೆಣಸಿನಗಿಡ ಮೈತುಂಬಿತು, ಅವರೆ ಬಳ್ಳಿ ಚಪ್ಪರ ಹತ್ತಿತು. ಶಿವಣ್ಣ ದಿನಾ ಬಂದು, ಗಬ್ಬದ ಎಮ್ಮೆಯನ್ನು ವಿಚಾರಿಸುವವನಂತೆ, "ಮೊಗ್ಗು ಕಾಣ್ತಾ ಯತೀಶ?" ಎಂದು ಕೇಳಿ ಹೋಗುತ್ತಿದ್ದ. ರೂಪಳಿಗೆ ಊಟ ಸೇರದಾಯಿತು. ದೇವಿಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆಯುವ ಹಾಗಿಲ್ಲ. ಗಂಡನನ್ನು ಹಂಗಿಸುವ ಖುಷಿಯಲ್ಲಿ ಮಗಳ ಹುಂಜವನ್ನೇ ಪಣಕ್ಕಿಟ್ಟಿದ್ದಳು.

ಆದರೆ ಹೂ ಬರಲಿಲ್ಲ. ಅಕ್ಕಪಕ್ಕದವರ ಚಪ್ಪರಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿದವು. ಇವರದು ಮಾತ್ರ ಬರೀ ಹಸಿರು. ಯತೀಶ ಪೇಚಾಡಿಕೊಂಡು ವಿ.ಸಿ. ಫಾರಂನ ಕೃಷಿ ಕೇಂದ್ರಕ್ಕೆ ಹೋಗಿ ಬಂದ. ಯಾರೋ ಏನೋ ಹೇಳಿದರಂತೆ, ಇವನ ತಲೆಗೆ ಹೋದದ್ದು 'ಗೊಬ್ಬರ' ಎಂಬ ಒಂದೇ ಮಾತು. ಪಕ್ಕದ ಮನೆಯ ತಿಪ್ಪೆಯಿಂದ ತಲೆಯ ಮೇಲೆ ಹೊತ್ತು ತಂದ. ಬೆಂಚಿನ ಮೇಲೆ ಅವನ ಜಾಗ ಖಾಲಿ ಬಿತ್ತು. ದೇಶ ಹೇಗೋ ನಡೆದುಕೊಂಡು ಹೋಯಿತು.

ಒಂದು ಸಂಜೆ ರೂಪ ಒಣಗಿದ ಯೂನಿಫಾರಂ ತರಲು ಹಿತ್ತಲಿಗೆ ಹೋದಳು. ದೀಪಿಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತು, ಬಳ್ಳಿಯ ಎಳೆ ಮೊಗ್ಗುಗಳನ್ನು ಒಂದೊಂದಾಗಿ ಚಿವುಟಿ ಕೆಳಗೆ ಹಾಕುತ್ತಿದ್ದಳು. ಕೆಳಗೆ ಮಾನಿಟರ್ ಕತ್ತು ಕೊಂಕಿಸಿ, ಒಂದೂ ಗುರುತು ಉಳಿಯದಂತೆ ಹೆಕ್ಕಿ ತಿನ್ನುತ್ತಿತ್ತು.

ಹುಡುಗಿ ಅಲ್ಲೇ ಕಲ್ಲಾದಳು. "ಅಪ್ಪಂಗೆ ಹೇಳ್ಬೇಡ ಕಣಮ್ಮ."

ರೂಪ ಹರಕೆಯ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ಊ ಬುಟ್ರೆ ಅಂತಲ್ಲವೇ ತಾನು ಹೇಳಿದ್ದು? ಹೂ ಎಲ್ಲಿ ಬಿಟ್ಟಿದೆ? ಮಾರಮ್ಮನಿಗೂ ಗಂಡನ ಕಾಟ ಗೊತ್ತಿಲ್ಲದ್ದೇನಲ್ಲ. ತಲೆಯೆತ್ತಿದಳು. ಮಗಳ ಕೈಗೆ ಎಟುಕದ ಎತ್ತರದಲ್ಲಿ ಒಂದು ಗೊಂಚಲು, ನಾಳೆಯೇ ಬಿರಿಯುವಂತೆ ತುಟಿ ತೆರೆದಿತ್ತು. ಎಷ್ಟು ಚೆಂದವಿತ್ತು ಎಂದರೆ ಒಂದು ಗಳಿಗೆ ಅವಳಿಗೆ ಕೀಳಲು ಮನಸ್ಸೇ ಬರಲಿಲ್ಲ. ಆಮೇಲೆ ತುದಿಗಾಲಲ್ಲಿ ನಿಂತು ಚಿವುಟಿ ಹುಂಜದ ಮುಂದೆ ಹಾಕಿದಳು.

"ಬಾಯ್ಮುಚ್ಕೊಂಡು ಓದ್ಕೊ ಓಗು."

ಅಷ್ಟರಲ್ಲಿ ಯತೀಶ ಹೆಗಲವರೆಗೂ ನೆಂದು ಬಿಂದಿಗೆ ಹೊತ್ತು ಬಂದ. ಚಪ್ಪರವನ್ನು ಆಸೆಯಿಂದ ನೋಡಿದ.

"ಇವತ್ತೂ ಇಲ್ವಾ ಅಮ್ಮಿ?"

"ಎಲ್ಲಿ ಬತ್ತದೆ?" ರೂಪ ಬಟ್ಟೆ ಮಡಿಸುತ್ತಾ ಹೇಳಿದಳು. "ಬುಡಕ್ಕೆ ನೀರೇ ಸಾಲ್ದು. ಓಗಿ, ಇನ್ನೊಂದು ಬಿಂದ್ಗೆ ತನ್ನಿ."