ಅಪ್ಪನಿಗಿಲ್ಲದ ಬುಧವಾರ

ನವೆಂಬರ್ ೯, ಶನಿವಾರ. ಬೆಳಿಗ್ಗೆ ಆರು ಇಪ್ಪತ್ತಕ್ಕೆ ಬರೆಯಲು ಕುಳಿತೆ. ಹೊರಗೆ ದಿಲ್ಲಿಯ ದ್ವಾರಕಾದ ಕಟ್ಟಡಗಳು ಹೊಗೆಯಲ್ಲಿ ಮೂರನೆಯ ಮಹಡಿಯವರೆಗೆ ಮಾತ್ರ ಕಾಣುತ್ತಿವೆ. ಹಾಲಿನ ಭಯ್ಯಾ ಬಂದಿಲ್ಲವೆಂದು ನನ್ನ ಜೊತೆಗಿರುವ ಗೆಳತಿ ಹಾಲಿನ ಪುಡಿ ಕಲಸಿ ಚಹಾ ಇಟ್ಟಿದ್ದಳು; ಅದು ತಳ ಹಿಡಿಯಿತು. ಆ ಸಿಹಿಯಾದ ಸುಟ್ಟ ವಾಸನೆ ಕೋಣೆಗೆ ಬಂದದ್ದೇ ತಡ, ನಾನು ಮತ್ತೆ ಹನ್ನೊಂದು ವರ್ಷದವಳಾಗಿ, ಇಲ್ಲಿಂದ ಎರಡು ಸೆಕ್ಟರ್ ಆಚೆ ಈಗ ಬೇರೆ ಯಾರೋ ವಾಸಿಸುವ ನಮ್ಮ ಫ್ಲ್ಯಾಟಿನಲ್ಲಿ ಗಡಿಯಾರ ನೋಡುತ್ತ ನಿಂತಿದ್ದೆ.

ಅಪ್ಪ ಕಾರವಾರದವರು. ಸರಕು ಹಡಗಿನಲ್ಲಿ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ. ಅಮ್ಮ ದಿಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅಪ್ಪ ಎಂಟು ತಿಂಗಳು ನೀರಿನ ಮೇಲೆ, ಮೂರು ತಿಂಗಳು ಮನೆಯಲ್ಲಿ. ಮನೆಗೆ ಬಂದರೂ ಹಡಗಿನ ಚಹಾ ಬಿಡುತ್ತಿರಲಿಲ್ಲ. ಫ್ರಿಜ್ಜಿನಲ್ಲಿ ಹಾಲಿದ್ದರೂ ಪುಡಿಯದ್ದೇ ಬೇಕು. ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಮಗ್ಗಿಟ್ಟು, ಅರ್ಧಕ್ಕೇ ತುಂಬಿಸಬೇಕು. ಅಲೆಗೆ ಹಡಗು ವಾಲಿದಾಗ ಮಗ್ಗು ಜಾರಬಾರದು, ಚಹಾ ತುಳುಕಬಾರದು. "ಟೇಬಲ್ ಎಲ್ಲಿಗೂ ಓಡಲ್ಲ ಕಣ್ರೀ, ಇದು ದ್ವಾರಕಾ" ಎಂದು ಅಮ್ಮ ನಗುತ್ತಿದ್ದಳು. "ನಿನ್ನ ದಿಲ್ಲಿ ಭೂಕಂಪದ ಊರು ಮಾರಾಯ್ತಿ, ನಂಬೋದಕ್ಕಾಗಲ್ಲ" ಎಂದು ಅಪ್ಪ ಬಟ್ಟೆಯ ಮಡಿಕೆಗಳನ್ನು ಬೆರಳಿನಿಂದ ಸರಿಮಾಡುತ್ತಿದ್ದರು. ಹಡಗಿನಲ್ಲಿ ಮಧ್ಯಾಹ್ನ ಮೂರಕ್ಕೆ ಕೆಲಸ ನಿಲ್ಲಿಸಿ, ಗಾಳಿ ಬಡಿಯದ ಮೂಲೆಯಲ್ಲಿ ಬೆನ್ನು ಆನಿಸಿ, ಎಣ್ಣೆ ಮೆತ್ತಿದ ಎರಡೂ ಕೈಗಳಲ್ಲಿ ಮಗ್ಗು ಹಿಡಿಯುವ ಹತ್ತು ನಿಮಿಷದ ಬಗ್ಗೆ ಅವರು ಹೇಳುತ್ತಿದ್ದರೆ ನನಗೂ ಬೆಚ್ಚಗಾಗುತ್ತಿತ್ತು. ಸುತ್ತ ಏನೇ ಅಲ್ಲಾಡಿದರೂ ಎದೆಯ ಒಳಗೆ ಒಂದು ಜಾಗ ನಿಶ್ಚಲವಾಗಿರುತ್ತದೆ, ಅದೇ ತನಗೆ ಮನೆ ಎನ್ನುತ್ತಿದ್ದರು.

ಸಮುದ್ರಕ್ಕೆ ಹೋದವರನ್ನು ಕಾದವರಿಗೆ ಗೊತ್ತಿರುತ್ತದೆ, ಒಂದು ಗುರುತು ಬೇಕಾಗುತ್ತದೆ. ನಮ್ಮ ಗುರುತು ಆ ಚಹಾ. ಕುಡಿದ ಕೂಡಲೇ ಅಪ್ಪ ಹಡಗಿನ ಕಂಪ್ಯೂಟರಿನಿಂದ ಎರಡು ಪದದ ಮೇಲ್ ಕಳಿಸುತ್ತಿದ್ದರು: ಚಹಾ ಆಯ್ತು. ಅದು ಬರುವ ತನಕ ಅಮ್ಮ ತನ್ನ ಲೋಟ ಮುಟ್ಟುತ್ತಿರಲಿಲ್ಲ. ಹಡಗು ಸಾಗಿದಂತೆ ಅದರ ಗಡಿಯಾರ ಬದಲಾಗುತ್ತದೆ; ಅಲ್ಲಿಯ ಮೂರು ಗಂಟೆ ನಮಗೆ ಎಷ್ಟು ಗಂಟೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ: ಅಪ್ಪನ ದಿನ, ನಮ್ಮ ದಿನ, ಬರಬೇಕಾದ ಹೊತ್ತು, ಬಂದ ಹೊತ್ತು. ಅಮ್ಮ ಡ್ಯೂಟಿಗೆ ಹೊರಡುವ ಮುನ್ನ "ರಿಜಿಸ್ಟರ್ ಏನು ಹೇಳುತ್ತೆ?" ಎಂದು ಕೇಳುತ್ತಿದ್ದಳು. ಅದು ಹೇಳಿದ್ದನ್ನು ನಂಬುತ್ತಿದ್ದಳು.

ಕೊನೆಯ ಆ ಪ್ರಯಾಣದಲ್ಲಿ ಎಪ್ಪತ್ತೊಂದು ದಿನ, ಎಪ್ಪತ್ತೊಂದು ಮೇಲ್. ಹಡಗು ಅಮೆರಿಕದ ಕಡೆಯಿಂದ ಪೆಸಿಫಿಕ್ ದಾಟಿ ಏಷ್ಯಾಕ್ಕೆ ಬರುತ್ತಿತ್ತು. ಎಪ್ಪತ್ತೊಂದನೆಯದು ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ನಮಗೆ ತಲುಪಿತು. ಅಲ್ಲಿ ಆಗ ಇನ್ನೂ ಸೋಮವಾರದ ಮಧ್ಯಾಹ್ನ. ಅದು ಎಂದಿಗಿಂತ ಉದ್ದವಾಗಿತ್ತು. "ಚಹಾ ಆಯ್ತು. ಅಲೆ ಜೋರು, ಅರ್ಧ ಮಗ್ಗೂ ನಿಲ್ತಿಲ್ಲ. ಕ್ಯಾಪ್ಟನ್ ಮೇಡಂ, ರಿಜಿಸ್ಟರಲ್ಲಿ ಬರ್ಕೊಳ್ಳಿ, ಈ ವಾರ ನಂಗೆ ಬುಧವಾರ ಇಲ್ಲ. ದಿನಾಂಕ ರೇಖೆ ದಾಟ್ತೀವಿ, ಕ್ಯಾಲೆಂಡರಲ್ಲಿ ಒಂದು ದಿನ ಹಾರಿಹೋಗುತ್ತೆ. ಮಂಗಳವಾರ ಮಲಗಿ ಗುರುವಾರ ಏಳ್ತೀನಿ." ನಾನು ಸ್ಕೇಲ್ ಇಟ್ಟು ಬುಧವಾರದ ಸಾಲಿಗೆ ಕೆಂಪು ಗೆರೆ ಎಳೆದೆ.

ಬುಧವಾರ ಏಳೂವರೆ ಆಯಿತು, ಎಂಟಾಯಿತು. ಮೇಲ್ ಬರಲಿಲ್ಲ. ಅಮ್ಮ ಬಿಳಿ ಸೀರೆಯ ಸೆರಗು ಪಿನ್ ಮಾಡುತ್ತ ಮೂರು ಸಲ ಬಂದು ಪರದೆ ನೋಡಿದಳು. "ಕಂಪನಿಯ ಮುಂಬೈ ಆಫೀಸಿಗೆ ಒಂದು ಫೋನ್ ಮಾಡಲೇನೇ?" ಎಂದಳು. ನಾನು ಕೆಂಪು ಗೆರೆ ತೋರಿಸಿದೆ. "ಅಮ್ಮಾ, ಟೆನ್ಶನ್ ಮತ್ ಲೋ. ಅಪ್ಪನಿಗೆ ಇವತ್ತು ಇಲ್ವೇ ಇಲ್ಲ. ದಿನಾನೇ ಇಲ್ಲ ಅಂದ್ರೆ ಚಹಾ ಎಲ್ಲಿಂದ ಬರುತ್ತೆ?" ಅಮ್ಮ ನನ್ನ ತಲೆ ಸವರಿ, "ಅಚ್ಛಾ, ಹೆಡ್ ಕ್ಲರ್ಕೇ" ಎಂದು ನಕ್ಕು, ಕೈಯಲ್ಲಿದ್ದ ಫೋನನ್ನು ಬ್ಯಾಗಿಗೆ ಹಾಕಿಕೊಂಡು ಮೆಟ್ರೋಗೆ ಹೋದಳು.

ತಪ್ಪು ನನಗೆ ಹೊಳೆದದ್ದು ಶಾಲೆಯಲ್ಲಿ, ಗುರುವಾರ ಬೆಳಿಗ್ಗೆಯೂ ಏನೂ ಬಾರದ ಮೇಲೆ. ಬುಧವಾರ ಹೋಗುವುದು ಹಡಗಿನ ಕ್ಯಾಲೆಂಡರಿನಿಂದ. ನಮ್ಮ ಬುಧವಾರ ಬೆಳಿಗ್ಗೆ ಬರಬೇಕಿದ್ದದ್ದು ಅವರ ಮಂಗಳವಾರದ ಚಹಾ, ಮತ್ತು ಮಂಗಳವಾರ ಅವರಿಗೆ ಇತ್ತು. ಮನೆಗೆ ಓಡಿ ಬಂದಾಗ ಅಮ್ಮ ಡ್ಯೂಟಿಗೆ ಹೋಗದೆ ಫೋನ್ ಹಿಡಿದು ನಿಂತಿದ್ದಳು. ಆಚೆಯ ದನಿ ನನಗೂ ಕೇಳುತ್ತಿತ್ತು: "ಮೇಡಂ, ನಾವೇ ಮಾಡೋರಿದ್ವಿ." ಮಂಗಳವಾರ ಊಟದ ನಂತರ ಅಪ್ಪನನ್ನು ಡೆಕ್ಕಿನಲ್ಲಿ ಕಂಡವರಿದ್ದರು. ಆಮೇಲೆ ಯಾರೂ ಕಂಡಿರಲಿಲ್ಲ. ಹಡಗು ಹಿಂದಕ್ಕೆ ತಿರುಗಿ ಹುಡುಕಿತ್ತಂತೆ. ನೀರು ತುಂಬ ತಣ್ಣಗಿತ್ತಂತೆ.

ಅಮ್ಮ ನನ್ನನ್ನು ಎಂದೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವರ್ಷಗಳ ನಂತರ, ಫ್ಲ್ಯಾಟ್ ಖಾಲಿ ಮಾಡುವ ದಿನ ಒಮ್ಮೆ ಮಾತ್ರ ಹೇಳಿದಳು: "ನೀನು ಮಗು. ನಾನು ಫೋನ್ ತೆಗೆದಿದ್ದೆ, ಮತ್ತೆ ಒಳಗೆ ಇಟ್ಟೆ." ಹೋದ ಚಳಿಗಾಲದಲ್ಲಿ ಅವಳೂ ಹೋದಳು. ಈಗ ಆ ಮನೆಯಿಂದ ಉಳಿದವಳು ನಾನೊಬ್ಬಳೇ.

ಕಂಪನಿಯ ಪತ್ರ ನನ್ನ ಬಳಿ ಇದೆ. ಎರಡು ಪುಟ, ಓದಿದ್ದು ಎಷ್ಟು ಸಲವೆಂದು ಬರೆದಿಟ್ಟುಕೊಂಡಿದ್ದೇನೆ, ಇಲ್ಲಿ ಹೇಳುವುದಿಲ್ಲ. ಅದರಲ್ಲಿ ಗಾಳಿಯ ವೇಗವಿದೆ, ಅಲೆಯ ಎತ್ತರವಿದೆ. ಹಡಗು ಹಿಂದಕ್ಕೆ ತಿರುಗಿದ ಗಂಟೆ ಇಲ್ಲ. ಅಮ್ಮ ಫೋನನ್ನು ಬ್ಯಾಗಿಗೆ ಹಾಕಿದ ಹೊತ್ತಿಗಾಗಲೇ ಅದು ತಿರುಗಿತ್ತೋ, ಇಲ್ಲವೋ? ಅಂದು ಆ ಹಡಗಿನಲ್ಲಿದ್ದ ಯಾರಾದರೂ, ಅಥವಾ ಅವರ ಮನೆಯವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಬರೆಯಿರಿ. ಉತ್ತರ ಯಾವುದಾದರೂ ಸರಿ. ಗಂಟೆ ಹಡಗಿನದೇ ಇರಲಿ, ನಮ್ಮದಕ್ಕೆ ನಾನು ಬದಲಿಸಿಕೊಳ್ಳುತ್ತೇನೆ.