ಮೇಡಂ ಮತ್ತು ಉಪ್ಪಿನ ಡಬ್ಬಿ

ಮಗಳು ಷಿಕಾಗೋದ ಬಲ್ಗೇರಿಯನ್ ಹುಡುಗನನ್ನು ಒಪ್ಪಿದ ಮೇಲೆ, ಬೀಗರ ಜೊತೆ ನಾಲ್ಕು ಮಾತಾಡಲೆಂದು ನಾನೂ ನನ್ನವಳೂ ಹತ್ತಿರದ ಊರು ವಾರೆನ್‌ನ ಲೈಬ್ರರಿಯಲ್ಲಿ ಬಲ್ಗೇರಿಯನ್ ಕ್ಲಾಸಿಗೆ ಸೇರಿದೆವು. ಕಲಿಸುತ್ತಿದ್ದ ಮೇಡಂಗೆ ಎಪ್ಪತ್ತು ದಾಟಿತ್ತು, ಕರುಣೆ ಮಾತ್ರ ಇನ್ನೂ ಹುಟ್ಟಿರಲಿಲ್ಲ.

'ಇಮಾಮ್' ಎಂದರೆ ನನ್ನ ಹತ್ತಿರ ಇದೆ, 'ನ್ಯಾಮಾಮ್' ಎಂದರೆ ಇಲ್ಲ. ಯಾರಾದರೂ 'ಇಮಾಮ್' ಎಂದರೆ ಸಾಕು, ಮೇಡಂ ಅಂಗೈ ಚಾಚಿ "ಶೋ ಮಿ!" ಎನ್ನುವರು. ಪೆನ್ನಾದರೆ ಪೆನ್ನು, ಕಾರಿನ ಕೀ ಆದರೆ ಕೀ. ನನಗೆ ತಾಳ್ಮೆ ಇದೆ ಎಂದು ಜಂಭ ಕೊಚ್ಚಿದ ತಪ್ಪಿಗೆ ಕ್ಲಾಸು ಮುಗಿಯುವವರೆಗೆ ನನ್ನನ್ನು ನಿಲ್ಲಿಸಿದ್ದರು.

ಒಂದು ಶನಿವಾರ ನನ್ನವಳನ್ನು, ಮನೆಯಲ್ಲಿ ಉಪ್ಪು ಇದೆಯೇ ಎಂದು ಕೇಳಿದರು. 'ನ್ಯಾಮಾಮ್' ಎಂದಿದ್ದರೆ ಮುಗಿಯುತ್ತಿತ್ತು; ಹಾಗೇ ಅನ್ನು ಎಂದು ಪಿಸುಗುಟ್ಟಿದೆ.

"ಉಪ್ಪಿಲ್ಲ ಅಂತ ಯಾವ ಭಾಷೇಲೂ ಹೇಳ್ಬಾರ್ದು ರೀ," ಎಂದು ನನ್ನನ್ನು ಗದರಿ, ಅವಳು 'ಇಮಾಮ್' ಎಂದಳು. ಮುಂದಿನ ವಾರ ಮನೆಯ ಡಬ್ಬಿಯನ್ನೇ ಹೊತ್ತು ತಂದು, ಮೇಡಂ ಚಾಚಿದ ಅಂಗೈ ಬಿಟ್ಟು ಮೇಜಿನ ಮೇಲೆ ಕುಕ್ಕಿದಳು. ಉಪ್ಪು ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು.

"ಈಗ ಆಗ್ತಿರೋದೇನು?" ಎಂದರು ಮೇಡಂ.

ಅಂದೇ ಮಧ್ಯಾಹ್ನ ಬೀಗರು ಮೊದಲ ಸಲ ನಮ್ಮ ನಾರ್ತ್‌ವಿಲ್ ಮನೆಗೆ ಊಟಕ್ಕೆ ಬರುವವರಿದ್ದರು. ಮೇಡಂ ಅವರನ್ನೂ ಕರೆದಿದ್ದೆವು. ಸಾರಿಗೆ ಉಪ್ಪು ಹಾಕಲು ಹೋದರೆ ಡಬ್ಬಿಯೇ ಇಲ್ಲ. ಲೈಬ್ರರಿಯಲ್ಲೇ ಬಿಟ್ಟುಬಂದಿದ್ದಳು. ಅಷ್ಟರಲ್ಲಿ ಬೀಗರ ಕಾರು ಡ್ರೈವ್‌ವೇಗೆ ಬಂದಾಗಿತ್ತು.

ಮೊದಲ ತುತ್ತಿಗೇ ಬೀಗಿತ್ತಿ, ಉಪ್ಪು ಇದೆಯೇ ಎಂದು ಬಲ್ಗೇರಿಯನ್‌ನಲ್ಲಿ ಕೇಳಿದರು. ನನ್ನವಳು ಆಗಲೂ "ಇಮಾಮ್" ಎಂದಳು.

ಎದುರಿಗೇ ಮೇಡಂ. ಇನ್ನೇನು "ಶೋ ಮಿ" ಎನ್ನುತ್ತಾರೆಂದು ನಾನು ತಟ್ಟೆಯ ಮೇಲೆ ಬಗ್ಗಿದೆ. ಅವರು ಸದ್ದಿಲ್ಲದೆ ತಮ್ಮ ಬ್ಯಾಗಿನಿಂದ ನಮ್ಮ ಡಬ್ಬಿ ತೆಗೆದರು. ಬೀಗಿತ್ತಿ ಕೈ ಚಾಚಿದರು. ಮೇಡಂ ಕೈಗೆ ಕೊಡದೆ, ಮೇಜಿನ ಮೇಲೆ ಕುಕ್ಕಿದರು.